ಮುಚ್ಚಿಟ್ಟರೆ ಮೋಸವೇ?

ಕಳೆದ ತಿಂಗಳು ತೀರ್ಥಹಳ್ಳಿಯ ಸಮೀಪದಲ್ಲಿ ಬಂಧುಗಳ ಮನೆಯ ಉಪನಯನಕ್ಕೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಎದುರಿಗೆ ಕುಳಿತಿದ್ದ ಹಿರಿಯರೊಬ್ಬರು ಯಾವುದೋ ಕಛೇರಿಯ ಯಾರೋ ನೌಕರನ ವಿಚಾರವೆತ್ತಿ, "ಮಾನಸಿಕ ಕಾಯಿಲೆಯನ್ನು ಮುಚ್ಚಿಟ್ಟುಕೊಂಡು ನೌಕರಿ ಮಾಡುವುದು ಶುದ್ಧ ಮೋಸ. ಅಂಥವರು ಮೊದಲೇ ಹೇಳಿಬಿಡಬೇಕು" ಎಂದು ತೀರ್ಪು ಕೊಟ್ಟರು. ಅಕ್ಕಪಕ್ಕದವರೆಲ್ಲ ಹೌದೆಂದು ತಲೆಯಾಡಿಸಿದರು. ನಾನು ಸುಮ್ಮನೆ ಹೋಳಿಗೆಗೆ ತುಪ್ಪ ಹಾಕಿಸಿಕೊಂಡೆ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ "ತಪ್ಪು ಕಂಡಲ್ಲಿ ಎದ್ದುನಿಂತು ಮಾತನಾಡಿ" ಎಂದು ಬೋಧಿಸಿದವನು ಅಂದು ಬಾಯಿ ತೆರೆಯಲಿಲ್ಲ. ಅಂದು ಆಡದೆ ಉಳಿದ ಮಾತನ್ನು ಇಂದು ಬರೆಯುತ್ತಿದ್ದೇನೆ. ಆ ಹಿರಿಯರೂ ಇದನ್ನು ಓದುವರೆಂದು ಬಲ್ಲೆ. ಓದಿ ಸಿಟ್ಟು ಬಂದರೆ ನೇರವಾಗಿ ಮನೆಗೆ ಬರಲಿ. ಕಾಫಿ ಕುಡಿಯುತ್ತ ಜಗಳವನ್ನು ಮುಂದುವರಿಸೋಣ.

ಆ ಮಾತು ನನಗೆ ಅಷ್ಟೊಂದು ನಾಟಿದ್ದಕ್ಕೆ ಕಾರಣವಿದೆ. ಅದಕ್ಕೆ ಕೆಲವು ತಿಂಗಳ ಮೊದಲು, ಜನವರಿಯ ಒಂದು ರಾತ್ರಿ, ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಹೊಸನಗರ ತಾಲೂಕಿನ ಹಳ್ಳಿಯೊಂದರಲ್ಲಿ ಬೆಳೆದು, ಈಗ ಸಾಗರದ ಒಂದು ಕಛೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿರುವವಳು. (ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಯಾರಿರಬಹುದೆಂದು ಊಹಿಸಲು ದಯವಿಟ್ಟು ಹೊರಡಬೇಡಿ. ಹಾಗೆ ಊಹಿಸುವ ನಮ್ಮ ಚಟವೇ ಈ ಲೇಖನದ ಅರ್ಧ ವಿಷಯ.)

"ಸರ್, ಶಿವಮೊಗ್ಗದ ಡಾಕ್ಟರು ನನಗಿರುವುದು ಬೈಪೋಲಾರ್ ಕಾಯಿಲೆ ಎಂದಿದ್ದಾರೆ. ಮಾತ್ರೆ ಶುರುವಾಗಿ ಎರಡು ತಿಂಗಳಾಯಿತು, ಈಗ ಪರವಾಗಿಲ್ಲ. ಮನೆಯವರಿಗೆ ಗೊತ್ತು, ಅಮ್ಮನಿಗೆ ಗೊತ್ತು. ಆಫೀಸಿನಲ್ಲಿ ಹೇಳಲೋ ಬೇಡವೋ ತಿಳಿಯುತ್ತಿಲ್ಲ. ಹೇಳಿದರೆ ಏನಾಗುವುದೋ ಎಂಬ ಹೆದರಿಕೆ, ಹೇಳದಿದ್ದರೆ ದಿನವೂ ಸುಳ್ಳು ಹೇಳಿದ ಹಾಗೆ ಆಗುತ್ತದೆ. ಸುಳ್ಳು ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವರು ನೀವೇ ಅಲ್ಲವೇ ಸರ್?"

ಮಾತ್ರೆಗಳನ್ನು ಆಕೆ ಊರಿನ ಔಷಧಿ ಅಂಗಡಿಯಲ್ಲಿ ಕೊಳ್ಳುವುದಿಲ್ಲ. ಚೀಟಿ ಓದಿದ ಅಂಗಡಿಯವರು ತಂದೆಗೆ ಪರಿಚಿತರು. ಶಿವಮೊಗ್ಗದಿಂದಲೇ ಕೊಂಡು, ಚೀಲದ ತಳದಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಾಳೆ. ಮಧ್ಯಾಹ್ನದ ಮಾತ್ರೆಯನ್ನು ಕಛೇರಿಯ ಬಚ್ಚಲಿನಲ್ಲಿ ನುಂಗುತ್ತಾಳೆ. ಅದೇ ಕಛೇರಿಯಲ್ಲಿ ಮೂರು ಜನ "ನನಗೆ ಶುಗರ್, ಸಕ್ಕರೆ ಹಾಕಬೇಡಿ" ಎಂದು ಎಲ್ಲರೆದುರು ಹೇಳಿ ಕಾಫಿ ತರಿಸಿಕೊಳ್ಳುತ್ತಾರಂತೆ.

ಈ ಕಾಯಿಲೆಯೇನೆಂಬುದನ್ನು ತಿಳಿಯದೆ ತೀರ್ಪು ಕೊಡುವವರಿಗಾಗಿ ನಾಲ್ಕು ಮಾತು. ಬೆಳಿಗ್ಗೆ ನಗು, ಸಂಜೆ ಸಿಟ್ಟು ಎಂಬುದು ಬೈಪೋಲಾರ್ ಅಲ್ಲ. ಅದು ನಮ್ಮೆಲ್ಲರ ಮನೆಯ ಕಥೆ. ಇದರಲ್ಲಿ ಮನಃಸ್ಥಿತಿ ದಿನಗಟ್ಟಲೆ, ವಾರಗಟ್ಟಲೆ ಒಂದೇ ದಿಕ್ಕಿಗೆ ಏರಿ ನಿಲ್ಲುತ್ತದೆ. ನಿದ್ರೆ ಬೇಡವೆನಿಸುತ್ತದೆ, ಮಾತು ತಡೆಯಿಲ್ಲದೆ ಓಡುತ್ತದೆ, ಕೈಯಲ್ಲಿಲ್ಲದ ಹಣ ಖರ್ಚಾಗುತ್ತದೆ. ಇನ್ನೊಂದು ಕಾಲದಲ್ಲಿ ಅದೇ ಮನಸ್ಸು ಕುಸಿದು, ಹಾಸಿಗೆಯಿಂದೇಳುವುದೂ ಪರ್ವತವೇರಿದಂತಾಗುತ್ತದೆ. ಹಿಂದೆ ಇದನ್ನು ಉನ್ಮಾದ-ಖಿನ್ನತೆ ಎನ್ನುತ್ತಿದ್ದರು. ಈ ಎರಡರ ನಡುವೆ ಅನೇಕರಿಗೆ ತಿಂಗಳುಗಳು, ವರ್ಷಗಳು ಎಲ್ಲರಂತೆಯೇ ಕಳೆಯುತ್ತವೆ. 1949ರಲ್ಲಿ ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ಲಿಥಿಯಂ ಎಂಬ ಸಾಮಾನ್ಯ ಲವಣ ಉನ್ಮಾದವನ್ನು ಶಮನಗೊಳಿಸುವುದೆಂದು ತೋರಿಸಿಕೊಟ್ಟರು; ಇಂದಿಗೂ ಅದು ಮುಖ್ಯ ಔಷಧಗಳಲ್ಲೊಂದು. ನಿಮ್ಹಾನ್ಸ್ ಸಂಸ್ಥೆಯು 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ಸುಮಾರು ಶೇ. 0.3ರಷ್ಟು ಜನ ಈ ಕಾಯಿಲೆಯಿಂದ ಬಳಲುತ್ತಿದ್ದರು, ಅವರಲ್ಲಿ ಶೇ. 70ರಷ್ಟು ಜನರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಆ ಲೆಕ್ಕವನ್ನು ಸಾಗರ, ಹೊಸನಗರ, ತೀರ್ಥಹಳ್ಳಿಗಳಿಗೆ ಅನ್ವಯಿಸಿದರೆ ನಮ್ಮ ನಡುವೆಯೇ ನೂರಾರು ಜನರಿದ್ದಾರೆ. ನಮ್ಮ ಉಪನಯನದ ಪಂಕ್ತಿಯಲ್ಲಿ ತಲೆ ತಗ್ಗಿಸಿ ಊಟ ಮಾಡುತ್ತಿದ್ದವರಲ್ಲಿ ಒಬ್ಬರು ಅಂಥವರಿರಲಿಲ್ಲವೆಂದು ಹೇಗೆ ಹೇಳುವುದು?

ಕಾಯಿಲೆಯ ಹೆಸರಿಗೆ ಹೆದರುವ ಸೀಮೆಯೂ ನಮ್ಮದಲ್ಲ. 1957ರಲ್ಲಿ ಮಂಗನ ಕಾಯಿಲೆ ಗುರುತಿಸಲ್ಪಟ್ಟಾಗ ಅದಕ್ಕೆ ನಮ್ಮ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಹೆಸರೇ ಬಂತು. ಜಗತ್ತಿನ ವೈದ್ಯಗ್ರಂಥಗಳಲ್ಲೆಲ್ಲ ಅದೇ ಹೆಸರಿದೆ. 2018-19ರಲ್ಲಿ ಸಾಗರ ತಾಲೂಕಿನ ಅರಲಗೋಡು ಭಾಗದಲ್ಲಿ ಅದು ಮರುಕಳಿಸಿ ಸಾವುನೋವುಗಳಾದಾಗ ಜ್ವರ ಬಂದವರನ್ನು ಯಾರೂ "ಇವನು ಮೋಸಗಾರ" ಎನ್ನಲಿಲ್ಲ. ಉಣ್ಣಿ ಕಚ್ಚಿಸಿಕೊಂಡವನ ಗುಣನಡತೆಯನ್ನು ಯಾರೂ ತೂಗಲಿಲ್ಲ. ಮಿದುಳಿನ ಕಾಯಿಲೆಗೆ ಮಾತ್ರ ನಾವು ಬೇರೆ ತಕ್ಕಡಿ ಹಿಡಿಯುತ್ತೇವೆ.

ಈ ತಕ್ಕಡಿ ಹಿಡಿದವರಲ್ಲಿ ಎರಡು ಪಂಗಡಗಳಿವೆ. ಮೊದಲನೆಯವರು "ಯಾರಿಗೂ ಹೇಳಬೇಡ, ಮನೆತನದ ಮರ್ಯಾದೆ ಪ್ರಶ್ನೆ" ಎನ್ನುವವರು. ಇವರು ವೈದ್ಯರಿಗಿಂತ ಮೊದಲು ಕವಡೆ ಹಾಕಿಸುತ್ತಾರೆ, ಚೌಡಿಗೆ ಹರಕೆ ಹೊರುತ್ತಾರೆ, ತಂಗಿಯ ಮದುವೆಯಾಗುವವರೆಗೆ ಮಾತ್ರೆ ಬೇಡವೆನ್ನುತ್ತಾರೆ. ಇವರ ಮೌನದಿಂದ ಜೀವಗಳು ಹೋಗಿವೆ. ಇವರ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಇವರು ತಪ್ಪೆಂದು ಓದಿದವರೆಲ್ಲ ಒಪ್ಪುತ್ತಾರೆ.

ಎರಡನೆಯ ಪಂಗಡ ಓದಿದವರದೇ. "ನಾಚಿಕೆಯೇಕೆ? ಧೈರ್ಯವಾಗಿ ಹೇಳಿಬಿಡು. ಹೇಳದಿದ್ದರೆ ಅದು ಅಪ್ರಾಮಾಣಿಕತೆ" ಎಂಬುದು ಇವರ ಉಪದೇಶ. ಕೇಳಲು ಎಷ್ಟು ಚೆಂದ! ಆದರೆ ಈ ಧೈರ್ಯದ ಖರ್ಚು ಯಾರ ಲೆಕ್ಕಕ್ಕೆ ಬೀಳುತ್ತದೆ ಎಂದು ಇವರು ಕೇಳಿಕೊಳ್ಳುವುದಿಲ್ಲ. ಉಪದೇಶ ಮಾಡಿದವರು ಸಂಜೆ ತಮ್ಮ ಮನೆಗೆ ಹೋಗುತ್ತಾರೆ. ಹೇಳಿದವಳು ಮರುದಿನ ಬೆಳಿಗ್ಗೆ ಅದೇ ಕುರ್ಚಿಯಲ್ಲಿ ಕುಳಿತು ಅವೇ ಮುಖಗಳನ್ನು ಎದುರಿಸಬೇಕು. ನಾನೂ ಬಹುಕಾಲ ಈ ಎರಡನೆಯ ಪಂಗಡದಲ್ಲಿದ್ದೆ. ಅಲ್ಲಿಂದ ಹೊರಬಂದದ್ದು ಪುಸ್ತಕ ಓದಿ ಅಲ್ಲ. ಒಬ್ಬರ ಬದುಕನ್ನು ಕೆಡಿಸಿ ಹೊರಬಂದೆ. ಇದುವರೆಗೆ ಎಲ್ಲಿಯೂ ಬರೆಯದ ಆ ವಿಷಯವನ್ನು ಇಂದು ಬರೆಯಲೇಬೇಕು.

1980ರ ದಶಕದಲ್ಲಿ ನಾನು ಒಂದು ಪ್ರೌಢಶಾಲೆಯಲ್ಲಿ ಪ್ರಭಾರ ಮುಖ್ಯೋಪಾಧ್ಯಾಯನಾಗಿದ್ದೆ. ಅಲ್ಲಿ ಗಣಿತದ ಮೇಷ್ಟ್ರೊಬ್ಬರಿದ್ದರು. ರೇಖಾಗಣಿತವನ್ನು ಕಥೆಯಂತೆ ಹೇಳುತ್ತಿದ್ದರು. ಬಯಲಿನಲ್ಲಿ ಆಟವಾಡುವ ಹುಡುಗರೂ ಕಿಟಕಿಗೆ ಬಂದು ನಿಲ್ಲುತ್ತಿದ್ದರು. ಒಂದು ಬೇಸಿಗೆಯಲ್ಲಿ ಅವರಿಗೆ ನಿದ್ರೆ ಹೋಯಿತು. ಸಂಬಳವನ್ನೆಲ್ಲ ಸುರಿದು ಮಕ್ಕಳಿಗೆ ಕಂಪಾಸು ಪೆಟ್ಟಿಗೆ ತಂದು ಹಂಚಿದರು. ರಾತ್ರಿ ಶಾಲೆಯ ಬಾಗಿಲು ತೆರೆಸಿ ಕರಿಹಲಗೆಯ ತುಂಬ ಬರೆದರು. ಮಳೆಗಾಲದ ಹೊತ್ತಿಗೆ ಮಾತೇ ನಿಂತು ಎರಡು ತಿಂಗಳು ಮಲಗಿದರು. ಮನೆಯವರು ಬೆಂಗಳೂರಿಗೆ ಕರೆದೊಯ್ದರು. ಚಿಕಿತ್ಸೆ ಪಡೆದು ಮರಳಿದ ಮೇಲೆ ಒಂದು ಸಂಜೆ ಹೊಳೆಯ ದಂಡೆಯಲ್ಲಿ ನಡೆಯುತ್ತ ಕಾಯಿಲೆಯ ಹೆಸರನ್ನೂ ಔಷಧದ ಹೆಸರನ್ನೂ ನನಗೆ ಹೇಳಿದರು. "ನಿಮಗೊಬ್ಬರಿಗೆ ಹೇಳುತ್ತಿದ್ದೇನೆ. ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಹೋಗಬೇಕು, ಅಂದು ರಜೆ ಕೊಟ್ಟರೆ ಸಾಕು" ಎಂದರು.

ನಾನು ರಜೆ ಕೊಟ್ಟೆ. ಜೊತೆಗೆ ಹಿರಿಯ ಸಹಶಿಕ್ಷಕರೊಬ್ಬರನ್ನು ಕರೆದು, "ಅವರ ಮೇಲೆ ಸ್ವಲ್ಪ ಗಮನವಿರಲಿ" ಎಂದು ವಿಷಯ ತಿಳಿಸಿದೆ. ಒಳ್ಳೆಯ ಉದ್ದೇಶದಿಂದಲೇ ಹೇಳಿದ್ದೆ. ಎರಡು ವಾರದಲ್ಲಿ ಸುದ್ದಿ ಶಿಕ್ಷಕರ ಕೊಠಡಿಯಿಂದ ಪೇಟೆಯ ಹೋಟೆಲಿಗೆ, ಅಲ್ಲಿಂದ ಪೋಷಕರಿಗೆ ಮುಟ್ಟಿತು. "ಮಂಡೆ ಸಮ ಇಲ್ಲದವರ ಕೈಯಲ್ಲಿ ಹತ್ತನೆಯ ತರಗತಿಯೇ?" ಎಂದು ಕೇಳಲು ನಾಲ್ಕು ಜನ ಬಂದರು. ನಾನು ಹತ್ತನೆಯ ತರಗತಿಯನ್ನು ಅವರಿಂದ ತೆಗೆದು ಬೇರೆಯವರಿಗೆ ಕೊಟ್ಟೆ. ಅವರ ಪಾಠದಲ್ಲಿ ಕಿಂಚಿತ್ತೂ ದೋಷವಿರಲಿಲ್ಲ.

ಆದರೆ ಆ ವರ್ಷ ನಾನು ಕಂಡ ಕ್ರೌರ್ಯ ಅದಕ್ಕಿಂತ ಸೂಕ್ಷ್ಮವಾದದ್ದು. ಅವರು ಜೋರಾಗಿ ನಕ್ಕರೆ ಸಹೋದ್ಯೋಗಿಗಳು ಪರಸ್ಪರ ಮುಖ ನೋಡಿಕೊಳ್ಳುತ್ತಿದ್ದರು: ಏರುತ್ತಿದೆಯೇನೋ. ಸುಮ್ಮನೆ ಕುಳಿತರೆ: ಇಳಿಯುತ್ತಿದೆಯೇನೋ. ಭವಿಷ್ಯನಿಧಿಯ ಲೆಕ್ಕದಲ್ಲಿ ಗುಮಾಸ್ತರು ಮಾಡಿದ್ದ ತಪ್ಪನ್ನು ಹಿಡಿದು ನ್ಯಾಯವಾಗಿಯೇ ಸಿಟ್ಟಾದಾಗ, "ಮಾತ್ರೆ ತಗೊಂಡಿರಾ ಮೇಷ್ಟ್ರೇ?" ಎಂದು ಯಾರೋ ಕೇಳಿದರು. ಅಂದಿನಿಂದ ಅವರು ಸಿಟ್ಟಾಗುವುದನ್ನು ಬಿಟ್ಟರು. ಆಮೇಲೆ ನಗುವುದನ್ನೂ ಬಿಟ್ಟರು. ಎಲ್ಲ ಮನುಷ್ಯರಿಗೂ ಇರುವ ನಗುವ, ಮುನಿಯುವ, ಒಂದು ದಿನ ಬೇಸರದಿಂದಿರುವ ಹಕ್ಕನ್ನು ನನ್ನ ಒಂದು ಮಾತು ಅವರಿಂದ ಕಿತ್ತುಕೊಂಡಿತು. ಮರುವರ್ಷ ವರ್ಗಾವಣೆ ಕೇಳಿ ಪಡೆದು ದೂರದ ಜಿಲ್ಲೆಗೆ ಹೋದರು. ಅಲ್ಲಿಂದ ಒಂದು ಅಂಚೆ ಕಾರ್ಡು ಬಂತು. ಅದರಲ್ಲಿ ನನ್ನ ಮೇಲೆ ಒಂದು ಕಟುವಾದ ಮಾತೂ ಇರಲಿಲ್ಲ. ಹತ್ತನೆಯ ತರಗತಿಯ ಮಕ್ಕಳಿಗೆ ಗಣಿತದಲ್ಲಿ ಎಷ್ಟೆಷ್ಟು ಅಂಕ ಬಂತೆಂದು ಕೇಳಿದ್ದರು. ನಾನು ಉತ್ತರ ಬರೆಯಲಿಲ್ಲ. ಬರೆಯಲು ಮುಖವಿರಲಿಲ್ಲ. ಆ ಕಾರ್ಡು ಇಂದಿಗೂ ನನ್ನ ಮೇಜಿನ ಸೆಳೆಖಾನೆಯಲ್ಲಿದೆ.

ಆದ್ದರಿಂದ ಉಪನಯನದ ಪಂಕ್ತಿಯ ಹಿರಿಯರಿಗೆ ನನ್ನ ಮೊದಲ ಪ್ರಶ್ನೆ ಇದು: ಮೋಸ ಮಾಡಿದವರು ಯಾರು? ನಂಬಿ ಹೇಳಿದವರೋ, ಕೇಳಿಸಿಕೊಂಡು ಹಂಚಿದ ನಾನೋ? ಕಾಯಿಲೆಯವನು ಹೇಳಿದನೋ ಇಲ್ಲವೋ ಎಂದು ವಿಚಾರಣೆ ನಡೆಸುವ ಮೊದಲು, ಕೇಳುವ ಯೋಗ್ಯತೆ ನಮಗಿದೆಯೇ ಎಂಬ ವಿಚಾರಣೆ ನಡೆಯಬೇಕು. ಆ ಯೋಗ್ಯತೆ ಇಲ್ಲದ ಕಡೆ ಮೌನವಾಗಿರುವುದು ಸುಳ್ಳಲ್ಲ. ಸುಳ್ಳೆಂದರೆ ಇರುವುದನ್ನು ಇಲ್ಲವೆನ್ನುವುದು. ಕೇಳುವ ಹಕ್ಕಿಲ್ಲದವರಿಗೆ ಹೇಳದಿರುವುದನ್ನು ಯಾವ ನೀತಿಶಾಸ್ತ್ರವೂ ಸುಳ್ಳೆನ್ನುವುದಿಲ್ಲ. ನಿಮ್ಮ ಮೂಲವ್ಯಾಧಿಯ ವಿವರವನ್ನು ನೀವು ಕಛೇರಿಯ ಫಲಕದಲ್ಲಿ ಅಂಟಿಸಿದ್ದೀರಾ?

"ಈಗ ಕಾನೂನಿದೆಯಲ್ಲ, ಹೆದರಿಕೆಯೇಕೆ?" ಎನ್ನುವವರೂ ಇದ್ದಾರೆ. ಕಾನೂನಿದೆ, ಅದನ್ನು ಎಲ್ಲರೂ ತಿಳಿದಿರಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಿನಲ್ಲಿ ಜಾರಿಗೆ ಬಂತು. ಮಾನಸಿಕ ಕಾಯಿಲೆ ಇದೆಯೆಂದ ಮಾತ್ರಕ್ಕೆ ಆ ವ್ಯಕ್ತಿ ಬುದ್ಧಿಸ್ವಾಧೀನವಿಲ್ಲದವನೆಂದು ಭಾವಿಸತಕ್ಕದ್ದಲ್ಲ ಎಂದು ಅದು ಹೇಳುತ್ತದೆ. ಅದರ 23ನೆಯ ಸೆಕ್ಷನ್ ಚಿಕಿತ್ಸೆಯ ಗೌಪ್ಯತೆಯನ್ನು ರೋಗಿಯ ಹಕ್ಕೆಂದು ಸಾರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿದೆ. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಉಂಟಾದರೆ ಸರ್ಕಾರಿ ನೌಕರನನ್ನು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ ಎಂದು ಅದರ 20ನೆಯ ಸೆಕ್ಷನ್ ವಿಧಿಸುತ್ತದೆ. ಖಾಸಗಿಯವೂ ಸೇರಿ ಸಂಸ್ಥೆಗಳು ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕೆಂದು 21ನೆಯದು ಹೇಳುತ್ತದೆ. 2021ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕೇಂದ್ರೀಯ ಮೀಸಲು ಪೊಲೀಸ್ ಪಡೆಯ ಅಧಿಕಾರಿಯೊಬ್ಬರ ಪ್ರಕರಣದಲ್ಲಿ, ಮಾನಸಿಕ ಅಂಗವೈಕಲ್ಯವುಳ್ಳವರ ಮೇಲೆ ಅದಕ್ಕೆ ಸಂಬಂಧಿಸಿದ ನಡತೆಗಾಗಿ ಶಿಸ್ತುಕ್ರಮ ಹೂಡುವುದು ಪರೋಕ್ಷ ತಾರತಮ್ಯವೆಂದು ತೀರ್ಪಿತ್ತಿತು. ಇವೆಲ್ಲ ದೊಡ್ಡ ಗೆಲುವುಗಳೇ.

ಆದರೆ ಗಮನಿಸಿ. ಗೌಪ್ಯತೆಯ ಕಟ್ಟು ಬೀಳುವುದು ಮುಖ್ಯವಾಗಿ ಚಿಕಿತ್ಸೆ ನೀಡುವವರ ಮೇಲೆ. ಶಿಕ್ಷಕರ ಕೊಠಡಿಯ ನಾಲಿಗೆಗೆ ಬೀಗ ಹಾಕುವ ಸೆಕ್ಷನ್ ಯಾವ ಕಾಯ್ದೆಯಲ್ಲೂ ಇಲ್ಲ. ಬಡ್ತಿಯ ಪಟ್ಟಿಯಿಂದ ಹೆಸರು ಬಿಟ್ಟುಹೋದಾಗ ಕಾರಣವನ್ನು ಯಾರೂ ಕಾಗದದಲ್ಲಿ ಬರೆಯುವುದಿಲ್ಲ. ನ್ಯಾಯಾಲಯದವರೆಗೆ ಹೋಗಿ ಗೆಲ್ಲಬಲ್ಲ ಹಣವೂ ಆಯುಷ್ಯವೂ ಎಷ್ಟು ಜನರಿಗಿದೆ? ಅದೂ ಎಲ್ಲರೂ ಎಲ್ಲರ ಮನೆಯ ದನದ ಹೆಸರನ್ನೂ ಬಲ್ಲ ನಮ್ಮಂಥ ಊರುಗಳಲ್ಲಿ?

ನನ್ನ ವಾದಕ್ಕೆ ಒಂದು ಬಲವಾದ ಆಕ್ಷೇಪವಿದೆ, ಅದನ್ನು ಮರೆಮಾಚುವುದಿಲ್ಲ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಐವತ್ತು ಜನರನ್ನು ಕೂರಿಸಿಕೊಂಡು ಬಸ್ಸು ಇಳಿಸುವ ಚಾಲಕನಿಗೆ ಉನ್ಮಾದವಿದ್ದರೆ, ಅಥವಾ ಮಾತ್ರೆಯಿಂದ ಮಂಪರು ಬರುತ್ತಿದ್ದರೆ? ಅಂಥಲ್ಲಿ ವೈದ್ಯರು "ಈ ಕೆಲಸ ಸದ್ಯ ಬೇಡ" ಎಂದರೆ ಆತ ಸಂಬಂಧಪಟ್ಟ ಅಧಿಕಾರಿಗೆ ತಿಳಿಸಲೇಬೇಕು. ಇತರರ ಜೀವ ಕೈಯಲ್ಲಿರುವ ಉದ್ಯೋಗಗಳಿಗೆ ಈ ಮಾತು ಸಲ್ಲುತ್ತದೆ. ಅಪಸ್ಮಾರಕ್ಕೂ ಕಣ್ಣಿನ ದೋಷಕ್ಕೂ ಇದೇ ನಿಯಮ. ಹಾಗೆಯೇ ಸೇರ್ಪಡೆಯ ಅರ್ಜಿಯಲ್ಲಿ ನೇರ ಪ್ರಶ್ನೆಯಿದ್ದು ಸಹಿ ಹಾಕಬೇಕಾದಲ್ಲಿ "ಇಲ್ಲ" ಎಂದು ಬರೆಯುವುದನ್ನು ನಾನು ಸಮರ್ಥಿಸುವುದಿಲ್ಲ; ಬರೆಯುವ ಮೊದಲು ವಕೀಲರನ್ನು ಕೇಳಿಕೊಳ್ಳುವುದು ಒಳ್ಳೆಯದು. ಆದರೆ ಲೆಕ್ಕದ ಪುಸ್ತಕ ಬರೆಯುವ, ಪಾಠ ಹೇಳುವ ಸಾವಿರಾರು ಜನರನ್ನು ಬಸ್ಸಿನ ಚಾಲಕನ ಉದಾಹರಣೆಯಿಂದ ಹೆದರಿಸುವುದು ನ್ಯಾಯವಲ್ಲ.

ಹಾಗಾದರೆ ಆ ರಾತ್ರಿ ನಾನು ಆ ಹುಡುಗಿಗೆ ಹೇಳಿದ್ದೇನು? "ಹೇಳಲೋ ಬೇಡವೋ ಎಂಬ ಪ್ರಶ್ನೆಯನ್ನು ಬದಿಗಿಡು. ನಿನ್ನ ಕೆಲಸದ ಸ್ಥಳದಲ್ಲಿ ನಿನಗೆ ಏನು ಬೇಕು ಎಂದು ಮೊದಲು ಒಂದು ಹಾಳೆಯಲ್ಲಿ ಬರೆ" ಎಂದೆ. ಮರುದಿನ ಓದಿ ಹೇಳಿದಳು. ಎರಡೇ ಬೇಡಿಕೆಗಳಿದ್ದವು. ನಿದ್ರೆಗೆಟ್ಟರೆ ಕಾಯಿಲೆ ಮರುಕಳಿಸಬಹುದೆಂದು ವೈದ್ಯರು ಎಚ್ಚರಿಸಿದ್ದರಿಂದ, ಮಾರ್ಚಿಯ ವರ್ಷಾಂತ್ಯದ ಲೆಕ್ಕದಲ್ಲಿ ರಾತ್ರಿ ಹನ್ನೊಂದರವರೆಗೆ ಕೂರಲು ಆಗದು. ರಕ್ತಪರೀಕ್ಷೆ ಮತ್ತು ವೈದ್ಯರ ಭೇಟಿಗೆ ಆಗಾಗ ಒಂದು ದಿನ ರಜೆ ಬೇಕು. "ಇವೆರಡನ್ನು ಕೇಳಲು ಕಾಯಿಲೆಯ ಹೆಸರು ಬೇಕೇ?" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇಡ ಸರ್" ಎಂದಳು.

ನನ್ನ ಅಭಿಮತವೂ ಇಷ್ಟೇ. ಅಗತ್ಯವಿರುವಷ್ಟನ್ನು, ಅಗತ್ಯವಿರುವವರಿಗೆ, ಅಗತ್ಯ ಬಿದ್ದಾಗ ಹೇಳಬೇಕು. ಹೆಸರಿಲ್ಲದೆ ಕೆಲಸ ಸಾಗುವಲ್ಲಿ ಹೆಸರು ಬೇಡ. ದೀರ್ಘ ರಜೆಯೋ ಕಾಯ್ದೆಯ ರಕ್ಷಣೆಯೋ ಬೇಕಾದಲ್ಲಿ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಯಾಕೆಂದರೆ ಸಂಸ್ಥೆಗೆ ತಿಳಿದೇ ಇರದ ಕಾಯಿಲೆಯ ಹೆಸರಿನಲ್ಲಿ ಮುಂದೆ ರಕ್ಷಣೆ ಕೇಳುವುದು ಕಷ್ಟವಾಗುತ್ತದೆ. ಬಾಯಿಬಡುಕನಲ್ಲದ ಒಬ್ಬ ಸಹೋದ್ಯೋಗಿಗೆ ತಿಳಿದಿರುವುದು ಒಳ್ಳೆಯದು: ನಿದ್ರೆ ಕಡಿಮೆಯಾದುದನ್ನೋ ಮಾತು ಹೆಚ್ಚಾದುದನ್ನೋ ಕಾಯಿಲೆಯವರಿಗಿಂತ ಮೊದಲು ಪಕ್ಕದಲ್ಲಿ ಕುಳಿತವರು ಗುರುತಿಸುವುದುಂಟು. ಚಿಕಿತ್ಸೆಯನ್ನು ಮಾತ್ರ ಯಾರಿಗಾಗಿಯೂ ಮುಚ್ಚಿಟ್ಟು ತಪ್ಪಿಸಬಾರದು. ಮುಂದೊಂದು ದಿನ ಎಲ್ಲರೆದುರು ಹೇಳಬೇಕೆನಿಸಿದರೆ ಹೇಳಲಿ, ಅಂಥವರಿಗೆ ನನ್ನ ನಮಸ್ಕಾರ. ಆ ದಿನವನ್ನು ಅವರೇ ಆರಿಸಿಕೊಳ್ಳಬೇಕು.

"ಇಂಥವರು ಕೆಲಸಕ್ಕೆ ಬರುವವರಲ್ಲ" ಎಂಬ ಮಾತಿಗೆ ಉತ್ತರ ನಮ್ಮ ತೀರ್ಥಹಳ್ಳಿಯಲ್ಲೇ ಇದೆ. ಈ ಶತಮಾನದ ಮೊದಲ ದಶಕದಲ್ಲಿ ನಿಮ್ಹಾನ್ಸಿನ ವೈದ್ಯರು ತೀರ್ಥಹಳ್ಳಿ ತಾಲೂಕಿನಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಹಳ್ಳಿಹಳ್ಳಿಗಳಲ್ಲಿ ಗುರುತಿಸಿ, ಚಿಕಿತ್ಸೆ ಕೊಟ್ಟು, ವರ್ಷಗಳ ಕಾಲ ಅವರ ಬದುಕನ್ನು ಗಮನಿಸಿದರು. ಬೈಪೋಲಾರಿಗಿಂತ ಕಠಿಣವೆಂದು ಸಾಮಾನ್ಯವಾಗಿ ಭಾವಿಸಲಾಗುವ ಆ ಕಾಯಿಲೆಯವರಲ್ಲಿಯೂ ಬಹಳ ಮಂದಿ ಗದ್ದೆ, ತೋಟ, ಮನೆಗಳಲ್ಲಿ ದುಡಿದು ಬದುಕುತ್ತಿದ್ದರೆಂಬುದು ಆ ಅಧ್ಯಯನದಲ್ಲಿ ಕಂಡುಬಂತು. ಅಡಿಕೆ ಸುಲಿಯುವ ಚಪ್ಪರದಲ್ಲಿ ಒಬ್ಬರಿಗೊಂದು ಜಾಗ ಕೊಡಲು ನಮ್ಮ ಹಳ್ಳಿಗಳಿಗೆ ಬರುತ್ತದೆ. ಗಾಜಿನ ಬಾಗಿಲಿನ ಕಛೇರಿಗಳು ಅದನ್ನಿನ್ನೂ ಕಲಿಯಬೇಕಾಗಿದೆ.

ನಮಗೆ ಗೊತ್ತಿರಲಿಲ್ಲ ಎಂಬ ನೆಪವೂ ಉಳಿದಿಲ್ಲ. ನಮ್ಮ ಜಿಲ್ಲೆಯವರೇ ಆದ ಡಾ. ಅಶೋಕ್ ಪೈ 2016ರಲ್ಲಿ ತೀರಿಕೊಳ್ಳುವವರೆಗೆ ಪತ್ರಿಕೆಗಳಲ್ಲಿ ಕನ್ನಡದಲ್ಲಿ ಮನಸ್ಸಿನ ಕಾಯಿಲೆಗಳ ಬಗ್ಗೆ ಬರೆದರು, "ಕಾಡಿನ ಬೆಂಕಿ"ಯಂಥ ಚಿತ್ರವನ್ನು ಕೊಟ್ಟರು. ನಿಮ್ಹಾನ್ಸಿನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳು ನಮ್ಮ ಊರಿನ ಗ್ರಂಥಾಲಯಗಳಲ್ಲಿವೆ. 2022ರ ಅಕ್ಟೋಬರಿನಿಂದ 14416 ಎಂಬ ಸಂಖ್ಯೆಗೆ ಕರೆ ಮಾಡಿ ಟೆಲಿ-ಮನಸ್ ಸೇವೆಯಲ್ಲಿ ಉಚಿತವಾಗಿ ಸಲಹೆ ಪಡೆಯಬಹುದು. ಇಷ್ಟಾದ ಮೇಲೂ ಪಂಕ್ತಿಯಲ್ಲಿ ಕುಳಿತು "ಮೋಸ" ಎನ್ನುವುದು ಅಜ್ಞಾನವಲ್ಲ, ಹಟ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ಇಂದು ಮುಖ್ಯೋಪಾಧ್ಯಾಯರು, ಬ್ಯಾಂಕಿನ ವ್ಯವಸ್ಥಾಪಕರು, ಸಹಕಾರ ಸಂಘಗಳ ಕಾರ್ಯದರ್ಶಿಗಳು, ಬೆಂಗಳೂರಿನ ಕಂಪನಿಗಳಲ್ಲಿ ಹತ್ತಾರು ಜನರ ಮೇಲಧಿಕಾರಿಗಳು. ಈ ಲೇಖನ ನಿಜವಾಗಿ ನಿಮಗಾಗಿ. ನಿಮ್ಮ ಕೋಣೆಯ ಬಾಗಿಲು ಮುಚ್ಚಿ ಯಾರಾದರೂ ಇಂಥ ಮಾತು ಹೇಳಿದರೆ, "ನಿಮಗೆ ನನ್ನಿಂದ ಏನಾಗಬೇಕು?" ಎಂದು ಮಾತ್ರ ಕೇಳಿ. ಅದನ್ನು ಮಾಡಿಕೊಡಿ. ಇನ್ನೊಬ್ಬರಿಗೆ ತಿಳಿಸುವ ಅಗತ್ಯ ಕಂಡರೆ ಹೇಳಿದವರ ಅನುಮತಿ ಪಡೆಯಿರಿ. ಅನುಮತಿ ಸಿಗದಿದ್ದರೆ ಆ ಮಾತು ನಿಮ್ಮಲ್ಲೇ ಇರಲಿ. ಆಪ್ತ ಮಿತ್ರನಿಗೂ, ಮನೆಯಲ್ಲಿ ಹೆಂಡತಿಗೂ, ಗಂಡನಿಗೂ ಬೇಡ. "ಒಳ್ಳೆಯ ಉದ್ದೇಶ" ಎಂಬ ಮಾತನ್ನು ನಂಬಬೇಡಿ. ನನ್ನದೂ ಒಳ್ಳೆಯ ಉದ್ದೇಶವೇ ಆಗಿತ್ತು.

ಆ ಹುಡುಗಿಯ ಮಾರ್ಚಿ ಮುಗಿಯಿತು. ಮೇಲಧಿಕಾರಿ "ಏನು ತೊಂದರೆಯಮ್ಮ?" ಎಂದು ಕೇಳಿದರಂತೆ. "ಚಿಕಿತ್ಸೆಯಲ್ಲಿದ್ದೇನೆ ಸರ್, ವೈದ್ಯರು ರಾತ್ರಿ ಕೆಲಸ ಬೇಡವೆಂದಿದ್ದಾರೆ" ಎಂದಳಂತೆ. ಅವರು ಮತ್ತೆ ಕೇಳಲಿಲ್ಲ. ಬೆಳಿಗ್ಗೆ ಒಂದು ಗಂಟೆ ಮುಂಚೆ ಬರಲು ಒಪ್ಪಿದರು. ಅವರು ಯಾರೋ ನಾನರಿಯೆ. ಆ ಒಂದು ಪ್ರಶ್ನೆಯಲ್ಲಿ ನಿಲ್ಲಲು ಅವರಿಗೆ ತಿಳಿದಿತ್ತು. ನಲವತ್ತು ವರ್ಷಗಳ ಹಿಂದೆ ಹೊಳೆಯ ದಂಡೆಯಲ್ಲಿ ನನಗೆ ಅಷ್ಟು ತಿಳಿದಿದ್ದರೆ, ಗಣಿತದ ಮೇಷ್ಟ್ರ ಕಾರ್ಡಿಗೆ ಉತ್ತರ ಬರೆಯುವ ಮುಖ ನನಗೂ ಇರುತ್ತಿತ್ತು.